ಅಡಗಿದ ಲಯಭಂಗದ ಬೆನ್ನಟ್ಟಿ

ನಾಡಿ ಹಿಡಿದು ನೋಡುವ ವಿದ್ಯೆ ಬಹು ಹಳೆಯದು. ಆದರೆ ನಾಡಿ ನೋಡುವ ಗಳಿಗೆಯಲ್ಲಿಯೇ ದೋಷವು ಮರೆಯಾಗಿದ್ದರೆ ವೈದ್ಯನು ಮಾಡುವುದೇನು? ಹೃದಯದ ಕೆಲವು ಲಯದೋಷಗಳು ಸದಾ ಇರತಕ್ಕವಲ್ಲ. ಬಂದು, ಕೆಲವು ನಿಮಿಷವೋ ಗಂಟೆಯೋ ಇದ್ದು, ಹೇಳದೆ ಹೋಗಿಬಿಡುತ್ತವೆ. ಅಂಥವುಗಳಲ್ಲಿ ಮುಖ್ಯವಾದುದು ಹೃತ್ಕರ್ಣಗಳ ಕಂಪನ. ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಸಂಕುಚಿಸದೆ ಬರಿದೇ ಅದುರತೊಡಗಿದರೆ ರಕ್ತವು ಅಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು. ಈ ದೋಷವುಳ್ಳವರಿಗೆ ಆ ಅಪಾಯ ಸುಮಾರು ಐದು ಪಟ್ಟು ಹೆಚ್ಚು.

ಮನುಷ್ಯಹೃದಯದ ವಿದ್ಯುತ್ ಮಿಡಿತವನ್ನು ಮೊದಲು ಬರೆದಿಟ್ಟವನು ಲಂಡನ್ನಿನ ಅಗಸ್ಟಸ್ ವಾಲರ್, ೧೮೮೭ರಲ್ಲಿ. ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂಥೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಲೇಖವನ್ನು ಸ್ಫುಟಗೊಳಿಸಿದನು. ಅಯಸ್ಕಾಂತದ ನಡುವೆ ಬೆಳ್ಳಿ ಲೇಪಿಸಿದ ಕೂದಲಿಗಿಂತ ನವಿರಾದ ಎಳೆಯೊಂದು ಅವನ ಯಂತ್ರದ ಜೀವ. ಯಂತ್ರದ ತೂಕವೋ ಸುಮಾರು ೨೭೦ ಕಿಲೋಗ್ರಾಂ! ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತುಕೊಳ್ಳಬೇಕಿತ್ತು. ಈ ಸಾಧನೆಗಾಗಿ ಅವನಿಗೆ ೧೯೨೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಆ ಲೇಖ ಕೆಲವೇ ಕ್ಷಣಗಳದು. ನಾನು ಛಂದಸ್ಸನ್ನು ಪಾಠ ಹೇಳಿದವನು. ಕಾವ್ಯದ ಒಂದೇ ಪಾದವನ್ನು ಓದಿ, ಇದರಲ್ಲೆಲ್ಲಿಯೂ ಛಂದೋಭಂಗವಿಲ್ಲವೆಂದು ತೀರ್ಪು ಕೊಡಲಾದೀತೆ? ಇಡೀ ಕಾವ್ಯವನ್ನೇ ಓದಬೇಕು. ಹೃದಯದ ವಿಷಯದಲ್ಲಿ ಇದನ್ನು ಸಾಧಿಸಹೊರಟವನು ಅಮೆರಿಕದ ಮೊಂಟಾನಾ ಪ್ರಾಂತದ ನಾರ್ಮನ್ ಹೋಲ್ಟರ್. ಅವನು ವೈದ್ಯನಲ್ಲ, ಭೌತವಿಜ್ಞಾನಿ. ನಡೆದಾಡುವ ಮನುಷ್ಯನ ಹೃದಯವಾರ್ತೆಯನ್ನು ರೇಡಿಯೋ ಮೂಲಕ ಕಳುಹಿಸುವ ಅವನ ಮೊದಲ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತು. ಅದು ಸುಮಾರು ೩೮ ಕಿಲೋಗ್ರಾಂ ತೂಗುತ್ತಿತ್ತು. ೧೯೬೧ರಲ್ಲಿ ಅವನು ತನ್ನ ವಿಧಾನವನ್ನು ಲೇಖನವಾಗಿ ಪ್ರಕಟಿಸುವ ವೇಳೆಗೆ ಯಂತ್ರವು ಚಿಕ್ಕದಾಗಿ, ಗಂಟೆಗಟ್ಟಲೆಯ ಮಿಡಿತಗಳು ಟೇಪಿನ ಮೇಲೆ ಮುದ್ರಿತವಾಗುತ್ತಿದ್ದವು. ಟೇಪನ್ನು ಅರುವತ್ತು ಪಟ್ಟು ವೇಗದಲ್ಲಿ ಓಡಿಸಿದರೆ ಮಿಡಿತಗಳೆಲ್ಲ ಕೂಡಿ ಒಂದು ಸ್ವರವಾಗಿ ಕೇಳುತ್ತಿದ್ದವು. ಲಯ ತಪ್ಪಿದೆಡೆ ಸ್ವರವೂ ಕೆಡುತ್ತಿತ್ತು. ಕಣ್ಣಿಗೆ ತಪ್ಪಬಹುದಾದುದನ್ನು ಕಿವಿ ಹಿಡಿಯುತ್ತಿತ್ತು.

ಈಗ ಆ ಕೆಲಸ ಗಣಕಯಂತ್ರದ್ದು. ಒಂದು ಮಿಡಿತಕ್ಕೂ ಮುಂದಿನದಕ್ಕೂ ನಡುವಣ ಕಾಲವನ್ನು ಅದು ಅಳೆಯುತ್ತದೆ. ಅಂತರಗಳು ಯಾವ ಕ್ರಮಕ್ಕೂ ಒಳಪಡದಿದ್ದರೆ, ಹೃತ್ಕರ್ಣದ ಸಂಕೋಚನವನ್ನು ಸೂಚಿಸುವ ಸಣ್ಣ ಅಲೆಯೂ ಕಾಣದಿದ್ದರೆ, ಕಂಪನವೆಂದು ಶಂಕಿಸುತ್ತದೆ. ಕಾರಣ ತಿಳಿಯದ ಪಾರ್ಶ್ವವಾಯುವಿಗೆ ತುತ್ತಾದವರ ಚರ್ಮದಡಿ ಪುಟ್ಟ ಲೇಖಕಯಂತ್ರವನ್ನಿಟ್ಟು ನಡೆಸಿದ ಅಧ್ಯಯನವೊಂದು ೨೦೧೪ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಶೇಕಡಾ ೮.೯ ಮಂದಿಯಲ್ಲಿ ಕಂಪನ ಪತ್ತೆಯಾಯಿತು. ಎಂದಿನ ರೀತಿಯ ತಪಾಸಣೆಯಲ್ಲಿ ಸಿಕ್ಕಿದ್ದು ಶೇಕಡಾ ೧.೪ ಮಾತ್ರ. ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಜನರ ನಾಡಿಯನ್ನು ಅವರ ಕೈಗಡಿಯಾರಗಳೇ ಗಮನಿಸಿದವು.

ಹಾಗೆಂದು ಕಂಡುಹಿಡಿದುದೆಲ್ಲ ಗುಣವಾದಂತಲ್ಲ. ಡೆನ್ಮಾರ್ಕಿನಲ್ಲಿ ಎಪ್ಪತ್ತು ದಾಟಿದ, ಪಾರ್ಶ್ವವಾಯುವಿನ ಅಪಾಯವುಳ್ಳ ಆರು ಸಾವಿರ ಮಂದಿಯ ಮೇಲೆ ನಡೆದ ಅಧ್ಯಯನದ ಫಲಿತಾಂಶ ೨೦೨೧ರಲ್ಲಿ ಹೊರಬಂದಿತು. ಯಂತ್ರವಿದ್ದವರಲ್ಲಿ ಶೇಕಡಾ ೩೧.೮, ಇಲ್ಲದವರಲ್ಲಿ ೧೨.೨ ಮಂದಿಗೆ ದೋಷ ಪತ್ತೆಯಾಯಿತು. ಆದರೂ ಪಾರ್ಶ್ವವಾಯು ನಿಶ್ಚಿತವಾಗಿ ತಗ್ಗಿದೆಯೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಕ್ಷಣಕಾಲದ ಕಂಪನಕ್ಕೆಲ್ಲ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ರಕ್ತಸ್ರಾವದ ಭಯವೂ ಉಂಟು. ಛಂದೋಭಂಗವನ್ನು ಗುರುತಿಸುವುದು ಲಾಕ್ಷಣಿಕನ ಕೆಲಸ; ಅದು ಎಲ್ಲಿ ನಿಜವಾಗಿ ಕಾವ್ಯವನ್ನು ಕೆಡಿಸಿದೆಯೆಂದು ತಿಳಿಯುವುದು ಸಹೃದಯನದು. ಯಂತ್ರವು ಲಕ್ಷಣವನ್ನು ಬಲ್ಲುದು. ವಿವೇಕವು ಇನ್ನೂ ವೈದ್ಯನ ಪಾಲಿಗೇ ಉಳಿದಿದೆ.