ಬೆಂಕಿಗೂ ಒಂದು ಪಂಚಾಂಗ ಇದೆ: ಬಂಡೀಪುರ 2019ರ ಹಿಂದಿನ ಕಥೆ

ಇವತ್ತಿನ ಸಂಚಿಕೆಯನ್ನ ಒಂದು ದಿನಾಂಕದಿಂದ ಶುರು ಮಾಡೋಣ. 2019ರ ಫೆಬ್ರವರಿ 23, ಶನಿವಾರ.

ಅವತ್ತು ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೀತಿತ್ತು. ಪಾರ್ಕಿಂಗ್ ಮೈದಾನದ ಒಣ ಹುಲ್ಲಿಗೆ ಬೆಂಕಿ ತಗುಲಿತು, ಗಾಳಿ ಬೀಸ್ತಿತ್ತು, ನೋಡ್ತಾ ನೋಡ್ತಾ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಅದೇ ದಿನ, ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಧಗಧಗ ಅಂತ ಉರೀತಿತ್ತು. ಎರಡು ದಿನದ ಹಿಂದೆಯೇ ಬಂಡೀಪುರದಲ್ಲಿ ಕಾಣಿಸಿಕೊಂಡಿದ್ದ ಬೆಂಕಿ ಶನಿವಾರ ಕೈಮೀರಿ ಹೋಯ್ತು, ಮೈಸೂರು–ಊಟಿ ರಸ್ತೆವರೆಗೂ ಬಂತು. ಸೋಮವಾರ, ಅಂದ್ರೆ 25ರಂದು, ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್‌ನಲ್ಲಿ ನೀರು ಹೊತ್ತು ತಂದು ಸುರಿಯಬೇಕಾಯ್ತು. ಆಮೇಲೆ ಇಸ್ರೋದ ಹೈದರಾಬಾದ್ ಕೇಂದ್ರದವರು ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದ್ರು: ಸುಮಾರು 10,920 ಎಕರೆ ಸುಟ್ಟಿತ್ತು.

ಆ ವಾರ ವಾಟ್ಸಾಪ್‌ನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಯಾರು ಹಚ್ಚಿದ್ದು? ಪೊಲೀಸರು ಕೆಲವರನ್ನ ಹಿಡಿದ್ರು. ಬೇರೆ ಎಲ್ಲಿಯದೋ ಹಳೇ ಫೋಟೋಗಳು ಬಂಡೀಪುರದ್ದು ಅಂತ ಓಡಾಡಿದವು. ಚಿಕ್ಕಂದಿನಲ್ಲಿ ನೀವೂ ಕೇಳಿರ್ತೀರಿ, ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ತಾನಾಗೇ ಬೆಂಕಿ ಬೀಳುತ್ತೆ ಅಂತ. ಆದ್ರೆ ನಮ್ಮ ಕಾಡುಗಳಲ್ಲಿ ಬೀಳೋ ಬೆಂಕಿಯ ಬಹುಪಾಲು ಮನುಷ್ಯರ ಕೈಯಿಂದಲೇ ಬರೋದು. ಸಿಡಿಲು ಕಾರಣ ಅನ್ನೋಣ ಅಂದ್ರೆ, ನಮ್ಮಲ್ಲಿ ಸಿಡಿಲು ಸಾಮಾನ್ಯವಾಗಿ ಏಪ್ರಿಲ್, ಮೇನಲ್ಲಿ ಮಳೆ ಜೊತೆಗೇ ಬರುತ್ತೆ.

ಹಾಗಾಗಿ "ಯಾರು" ಅನ್ನೋ ಪ್ರಶ್ನೆ ಬೇಕು, ತನಿಖೆಗೆ ಅದು ಬೇಕೇ ಬೇಕು. ಆದ್ರೆ ಇತಿಹಾಸ ಓದೋ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋ ಪ್ರಶ್ನೆ "ಯಾವಾಗ" ಅನ್ನೋದು. ಒಂದೇ ಬೆಂಕಿಕಡ್ಡಿಯನ್ನ ಡಿಸೆಂಬರ್ ಬೆಳಿಗ್ಗೆ ಗೀರಿದ್ರೆ ಅದು ಮಂಜಲ್ಲಿ ಹೊಗೆಯಾಡಿ ನಂದಿ ಹೋಗುತ್ತೆ. ಫೆಬ್ರವರಿ ಕೊನೆಯ ಮಧ್ಯಾಹ್ನ ಗೀರಿದ್ರೆ ಹೆಲಿಕಾಪ್ಟರ್ ಕರೆಸಬೇಕಾಗುತ್ತೆ. ಆ ವ್ಯತ್ಯಾಸ ಮಾಡೋದು ಹವಾಮಾನ.

ಅದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ನೋಡೋಣ. ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಮಂಜು ಕವಿದಿರುತ್ತೆ ಅಂತಲೇ ಅದಕ್ಕೆ "ಹಿಮವದ್" ಅನ್ನೋ ಹೆಸರು. ಚಳಿಗಾಲದಲ್ಲಿ ಆ ಮಂಜು, ಇಬ್ಬನಿ ಹುಲ್ಲನ್ನ ದಿನಾ ಬೆಳಿಗ್ಗೆ ಒದ್ದೆ ಮಾಡ್ತವೆ. ಬಿಸಿಲು ಏರಿದ ಹಾಗೆ ಆಟ ಬದಲಾಗುತ್ತೆ. ಬೆಳಿಗ್ಗೆ 16 ಡಿಗ್ರಿಯಲ್ಲಿ ತೇವದಿಂದ ಪೂರ್ತಿ ತುಂಬಿರೋ ಗಾಳಿ ಮಧ್ಯಾಹ್ನ 33 ಡಿಗ್ರಿಗೆ ಕಾದಾಗ, ಅದರಲ್ಲಿರೋ ತೇವ ಅಷ್ಟೇ ಇರುತ್ತೆ, ಆದ್ರೆ ಗಾಳಿ ಹಿಡಿದಿಡಬಲ್ಲದ್ದರ ಮೂರನೇ ಒಂದು ಪಾಲು ಮಾತ್ರ ಆಗುತ್ತೆ. ಆಗ ಗಾಳಿಗೆ ಬಾಯಾರಿಕೆ. ಹುಲ್ಲಿಂದ, ತರಗೆಲೆಯಿಂದ ನೀರು ಹೀರೋಕೆ ಶುರು ಮಾಡುತ್ತೆ. ಸಣ್ಣ ಒಣ ಹುಲ್ಲಿಗೆ ಒಣಗಿ ಹತ್ತಿಕೊಳ್ಳೋ ಹಂತಕ್ಕೆ ಬರೋಕೆ ಒಂದೆರಡು ಗಂಟೆ ಸಾಕು. ಬೆರಳು ದಪ್ಪದ ಕಡ್ಡಿಗೆ ಅರ್ಧ ದಿನ ಬೇಕು. ಬಿದ್ದ ಮರದ ದಿಮ್ಮಿಗೆ ವಾರಗಟ್ಟಲೆ. ಅದಕ್ಕೇ ಒಂದು ಹನಿ ಮಳೆ ಬಂತು ಅಂತ ನೆಮ್ಮದಿಯಾಗಿ ಕೂರೋ ಹಾಗಿಲ್ಲ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಹುಲ್ಲು ಮತ್ತೆ ರೆಡಿ.

ಇದಕ್ಕೆ ಎರಡು ವಿಷಯ ಸೇರಿಸಿ. ಒಂದು ಗಾಳಿ. ಅದು ಜ್ವಾಲೆಯನ್ನ ಮುಂದಿನ ಹುಲ್ಲಿನ ಕಡೆ ಬಗ್ಗಿಸುತ್ತೆ, ಕಿಡಿ ಹಾರಿಸುತ್ತೆ. ಬೇಸಿಗೆಗೆ ಮುಂಚೆ ಇಲಾಖೆಯವರು ಕಾಡಿನ ಮಧ್ಯೆ ಹುಲ್ಲು ಸವರಿ, ಸುಟ್ಟು "ಬೆಂಕಿ ರೇಖೆ" ಅಂತ ಪಟ್ಟಿ ಮಾಡ್ತಾರಲ್ಲ, ಜೋರು ಗಾಳಿಯಲ್ಲಿ ಕಿಡಿ ಅದನ್ನೂ ದಾಟಿಬಿಡುತ್ತೆ. ಇನ್ನೊಂದು ಇಳಿಜಾರು. ಬೆಂಕಿ ಬೆಟ್ಟ ಹತ್ತೋದು ಇಳಿಯೋದಕ್ಕಿಂತ ಬಹಳ ವೇಗ. ಇಳಿಜಾರು 10 ಡಿಗ್ರಿ ಹೆಚ್ಚಾದರೆ ವೇಗ ಹೆಚ್ಚುಕಮ್ಮಿ ದುಪ್ಪಟ್ಟು ಅನ್ನೋದು ಒಂದು ಒರಟು ಲೆಕ್ಕ. ಆಸ್ಟ್ರೇಲಿಯಾದ ಅಲನ್ ಮೆಕಾರ್ಥರ್ ಅನ್ನೋ ಅರಣ್ಯ ವಿಜ್ಞಾನಿ 1960ರ ದಶಕದಲ್ಲಿ ಇಂಥದ್ದನ್ನೆಲ್ಲ ಅಳೆದು, ಉಷ್ಣಾಂಶ, ಆರ್ದ್ರತೆ, ಗಾಳಿ, ಒಣಗಿದ ದಿನಗಳು ಇವನ್ನ ಸೇರಿಸಿ "ಇವತ್ತು ಎಷ್ಟು ಅಪಾಯ" ಅಂತ ಒಂದು ಅಂಕಿ ಹೇಳೋ ಪದ್ಧತಿ ಮಾಡಿದ್ರು.

ಈಗ 2019ಕ್ಕೆ ವಾಪಸ್ ಬನ್ನಿ. ಅದರ ಹಿಂದಿನ ವರ್ಷದ ಮುಂಗಾರು ನೆನಪಿದೆಯಾ? 2018ರ ಆಗಸ್ಟ್. ಕೇರಳ ಮುಳುಗಿತ್ತು, ಕೊಡಗಿನಲ್ಲಿ ಗುಡ್ಡ ಕುಸಿದಿತ್ತು. ಕಬಿನಿ ತುಂಬಿ ಹರಿದಿತ್ತು. ಆ ಮಳೆಗೆ ಈ ಕಾಡುಗಳಲ್ಲಿ ಹುಲ್ಲು ಸೊಂಪಾಗಿ ಬೆಳೀತು. ಆಮೇಲೆ ಹಿಂಗಾರು ಕೈಕೊಟ್ಟಿತು. ಗುಂಡ್ಲುಪೇಟೆ, ಚಾಮರಾಜನಗರ ಪಶ್ಚಿಮ ಘಟ್ಟದ ಮಳೆ ನೆರಳಲ್ಲಿರೋ ಊರುಗಳು. ಇಲ್ಲಿನ ರೈತನಿಗೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೀವ. ಅದು ಬಾರದೆ ಹೋದಾಗ ಹೊಲದಲ್ಲಿ ಬರ, ಕಾಡಲ್ಲಿ ಎದೆಮಟ್ಟದ ಒಣ ಹುಲ್ಲು. ಜನ ಸಾಮಾನ್ಯವಾಗಿ ಬರಗಾಲದಲ್ಲಿ ಕಾಡು ಉರಿಯುತ್ತೆ ಅಂದುಕೊಳ್ತಾರೆ. ಅದಕ್ಕಿಂತ ಅಪಾಯದ ಜೋಡಿ ಇದು: ಒಳ್ಳೇ ಮಳೆಗಾಲ, ಅದರ ಬೆನ್ನಿಗೇ ಉದ್ದನೆಯ ಒಣಗಾಲ. ಮೊದಲನೆಯದು ಸೌದೆ ಪೇರಿಸುತ್ತೆ, ಎರಡನೆಯದು ಒಣಗಿಸುತ್ತೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರೆ ನಮ್ಮ ಹಿರಿಯರು. ಆ ವರ್ಷ ಶಿವರಾತ್ರಿ ಮಾರ್ಚ್ 4ಕ್ಕೆ ಇತ್ತು. ಕಾಡು ಅದಕ್ಕೂ ಮುಂಚೆಯೇ ಸುಟ್ಟು ಮುಗಿದಿತ್ತು. ಅಶ್ವಿನಿ, ಭರಣಿ ಮಳೆಗೆ ಇನ್ನೂ ಎರಡು ತಿಂಗಳು ಹತ್ತಿರತ್ತಿರ ಬಾಕಿ.

ಸರಿ, ಇದು ಒಂದು ವರ್ಷದ ಹವಾಮಾನ. ನೂರು ವರ್ಷದ ಲೆಕ್ಕ ತೆಗೆದ್ರೆ ಏನು ಸಿಗುತ್ತೆ?

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾಗಿದ್ದು 1864ರಲ್ಲಿ. ಬ್ರಿಟಿಷ್ ಕಾಲದ ಅರಣ್ಯ ಆಡಳಿತಕ್ಕೆ ಕಾಡು ಅಂದ್ರೆ ಮುಖ್ಯವಾಗಿ ಮರಮುಟ್ಟು. ತೇಗದ ಸಸಿ ಸುಡೋ ಬೆಂಕಿ ಅವರ ಕಣ್ಣಿಗೆ ಶತ್ರು. ಕಾಡಿಗೆ ಬೆಂಕಿ ಇಡೋದು ಅಪರಾಧ ಆಯ್ತು. ಈಗಿನ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಅದು ಅಪರಾಧವೇ. ಬಂಡೀಪುರ ಮೈಸೂರು ಅರಸರ ಬೇಟೆ ಕಾಡಾಗಿತ್ತು. 1931ರಲ್ಲಿ ಅದರ ಒಂದು ಭಾಗ, ಸುಮಾರು 90 ಚದರ ಕಿಲೋಮೀಟರ್, ಅಭಯಾರಣ್ಯ ಆಯ್ತು. ಹತ್ತು ವರ್ಷದಲ್ಲಿ ವೇಣುಗೋಪಾಲ ವನ್ಯಧಾಮ ಅಂತ 800 ಚದರ ಕಿಲೋಮೀಟರ್‌ಗೆ ಹಿಗ್ಗಿತು. ಹೆಸರು ಬಂದಿದ್ದು ಇದೇ ಗೋಪಾಲಸ್ವಾಮಿಯಿಂದ. 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆ ಕಾಡುಗಳಲ್ಲಿ ಒಂದಾಯ್ತು. ಪ್ರತಿ ಹಂತದಲ್ಲೂ ಕಾವಲು ಬಿಗಿಯಾಗ್ತಾ ಬಂತು.

ಹಾಗಾದ್ರೆ ಬೆಂಕಿ ಕಡಿಮೆ ಆಯ್ತಾ? ಬಂಡೀಪುರದ ಪಕ್ಕದಲ್ಲೇ, ತಮಿಳುನಾಡಿನ ಕಡೆ ಮುದುಮಲೆ ಇದೆ. ಕಾಡು ಒಂದೇ, ಗಡಿ ನಕ್ಷೆಯಲ್ಲಿ ಮಾತ್ರ. ಅಲ್ಲಿ 1909ರಿಂದ 1921ರವರೆಗಿನ ಹಳೇ ಅರಣ್ಯ ದಾಖಲೆಗಳು ಉಳಿದಿದ್ದವು. ಕೋದಂಡಪಾಣಿ, ಕೊಕ್ರೇನ್, ಸುಕುಮಾರ್ ಅನ್ನೋ ವಿಜ್ಞಾನಿಗಳು ಅದನ್ನ 1989ರಿಂದ 2002ರವರೆಗಿನ ಬೆಂಕಿ ನಕ್ಷೆಗಳ ಜೊತೆ ಹೋಲಿಸಿದ್ರು. ಆ ಕಾಲದಲ್ಲಿ ಒಂದು ಜಾಗಕ್ಕೆ ಸರಾಸರಿ 10 ವರ್ಷಕ್ಕೊಮ್ಮೆ ಬೆಂಕಿ ಬರ್ತಿತ್ತು. ಈಗ 3 ವರ್ಷ ಚಿಲ್ಲರೆಗೊಮ್ಮೆ. ಕಾನೂನು, ಕಾವಲು, ಜೀಪು, ವೈರ್‌ಲೆಸ್ ಎಲ್ಲ ಬಂದ ಮೇಲೂ ಬೆಂಕಿ ಮೂರು ಪಟ್ಟು ಹತ್ತಿರ ಬಂದಿತ್ತು.

ಇಲ್ಲಿಂದ ಕಥೆ ಜಿಲ್ಲೆಯ ಪೂರ್ವಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುತ್ತೆ. ಅಲ್ಲಿನ ಸೋಲಿಗರ ಹತ್ತಿರ ಒಂದು ಪದ ಇದೆ: ತರಗು ಬೆಂಕಿ. ತರಗೆಲೆ ಉರಿಸೋ ಸಣ್ಣ ಬೆಂಕಿ. ಬೇಸಿಗೆ ಬಲಿಯೋ ಮುಂಚೆ, ನೆಲದಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಅಲ್ಲಲ್ಲಿ ಹಾಕೋದು. ಅದು ನೆಲದ ಮೇಲಿನ ಎಲೆ ತಿಂದು ಸುಮ್ಮನಾಗುತ್ತೆ, ಮರಕ್ಕೆ ಏರಲ್ಲ. ಹೊಸ ಹುಲ್ಲು ಚಿಗುರುತ್ತೆ. ನೆಲ್ಲಿ ಮರಗಳಿಗೆ "ಉಪ್ಪಿಲು" ಅಂತ ಒಂದು ಬಂದಣಿಕೆ ಅಂಟಿಕೊಳ್ಳುತ್ತೆ, ಅದನ್ನೂ ಈ ಬೆಂಕಿ ಹತೋಟಿಯಲ್ಲಿ ಇಡುತ್ತೆ ಅನ್ನೋದು ಸೋಲಿಗರ ಅನುಭವ. ನಾನು "ಪಂಚಾಂಗ" ಅಂದಿದ್ದು ಇದನ್ನೇ. ಯಾವ ವಾರ, ಯಾವ ಹೊತ್ತು, ಯಾವ ಗಾಳಿ ಅಂತ ನೋಡಿ ಹಾಕೋ ಬೆಂಕಿ. ಮೆಕಾರ್ಥರ್ ಅಂಕಿಯಲ್ಲಿ ಬರೆದಿದ್ದನ್ನ ಇವರು ಕಾಲಡಿ ತರಗು ಮುರಿಯೋ ಸದ್ದಲ್ಲಿ ತಿಳೀತಿದ್ರು ಅನ್ನಬಹುದು.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆಯ್ತು. ಸೋಲಿಗರನ್ನ ಕಾಡಿನ ಒಳಗಿಂದ ತಂದು ಪೋಡುಗಳಲ್ಲಿ ನೆಲೆಗೊಳಿಸಿದ್ರು, ತರಗು ಬೆಂಕಿ ನಿಂತುಹೋಯ್ತು. ಈ ನಡುವೆ ಲಂಟಾನ ಹಬ್ಬಿತು. ಮಧ್ಯ, ದಕ್ಷಿಣ ಅಮೆರಿಕದ ಗಿಡ ಅದು, ಹೂವು ಚೆಂದ ಅಂತ 19ನೇ ಶತಮಾನದಲ್ಲಿ ಬ್ರಿಟಿಷರು ತೋಟಕ್ಕೆ ತಂದದ್ದು. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಬಿಳಿಗಿರಿರಂಗನ ಬೆಟ್ಟದಲ್ಲಿ ಅಳೆದು ನೋಡಿದ್ರು. 1997ರಿಂದ 2008ರ ಒಳಗೆ ಲಂಟಾನ ಇರೋ ಜಾಗಗಳು ಸುಮಾರು ದುಪ್ಪಟ್ಟಾಗಿದ್ದವು. ಸೋಲಿಗರು ಹೇಳೋದೂ ಅದೇ: ಮೊದಲೆಲ್ಲ ಬೆಂಕಿ ಅದರ ಸಸಿಗಳನ್ನ ಚಿಕ್ಕದಿರುವಾಗಲೇ ಸುಡ್ತಿತ್ತು, ಬೆಂಕಿ ನಿಂತ ಮೇಲೆ ಅದು ಕಾಡನ್ನೇ ನುಂಗಿತು.

ಹಾಗಂತ "ಹಳೇ ಪದ್ಧತಿ ವಾಪಸ್ ತನ್ನಿ, ಎಲ್ಲ ಸರಿಹೋಗುತ್ತೆ" ಅಂತ ನಾನು ಹೇಳಲ್ಲ. ಲಂಟಾನ ಆಳೆತ್ತರ ಬೆಳೆದು ಪೊದೆ ಕಟ್ಟಿದ ಮೇಲೆ ಅದಕ್ಕೆ ಇಟ್ಟ ಬೆಂಕಿ ತರಗು ಬೆಂಕಿ ಆಗಿ ಉಳಿಯಲ್ಲ. ಪೊದೆಯೇ ಏಣಿಯಾಗಿ ಜ್ವಾಲೆ ಕೊಂಬೆಗೆ ಏರುತ್ತೆ. ಸುಟ್ಟ ಬುಡದಿಂದ ಲಂಟಾನ ಮತ್ತೆ ಚಿಗುರುತ್ತೆ, ಸತ್ತ ಮರದ ಜಾಗವನ್ನೂ ಹಿಡಿಯುತ್ತೆ. ಮೊದಲು ಕಿತ್ತು ತೆಗೀಬೇಕು, ಆಮೇಲೆ ಬೆಂಕಿಯ ಮಾತು. ಬಂಡೀಪುರ ಇನ್ನೂ ಒಣ ಕಾಡು, ಹೆದ್ದಾರಿ ಹಾದುಹೋಗೋ ಕಾಡು, ಅಂಚಿನ ತುಂಬ ಊರುಗಳಿರೋ ಕಾಡು. ಅಲ್ಲಿ ಅಪಾಯದ ಲೆಕ್ಕವೇ ಬೇರೆ.

ಆದ್ರೆ ಕಾಲ ನೋಡೋದನ್ನಾದ್ರೂ ಕಲೀಬಹುದು. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ 2006ರಿಂದ ಅಲ್ಲಿನ ಮೂಲನಿವಾಸಿಗಳೇ ರೇಂಜರ್‌ಗಳಾಗಿ, ಒಣಗಾಲದ ಆರಂಭದಲ್ಲಿ ಸಣ್ಣ ಬೆಂಕಿ ಹಾಕಿ ಕೊನೆಯ ದೊಡ್ಡ ಬೆಂಕಿಯನ್ನ ತಡೀತಿದ್ದಾರೆ, ಸರ್ಕಾರದ ಬೆಂಬಲದಿಂದ. ನಮ್ಮಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹಕ್ಕೆ ಬೆಂಕಿ ಕಂಡ ಕೂಡಲೇ ಮೊಬೈಲ್‌ಗೆ ಸಂದೇಶ ಕಳಿಸುತ್ತೆ, ನೀವೂ ನೋಂದಾಯಿಸಿಕೊಳ್ಳಬಹುದು. ಹವಾಮಾನ ನೋಡಿ ಮುನ್ನೆಚ್ಚರಿಕೆಯನ್ನೂ ಕೊಡುತ್ತೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇದು ದೇಶದಲ್ಲೇ ಮೊದಲು. ಕಿರುಅರಣ್ಯ ಉತ್ಪನ್ನದ ಹಕ್ಕು ಬಂತು. ಬೆಂಕಿ ಯಾವಾಗ ಅಂತ ಹೇಳೋ ಹಕ್ಕು ಬರಲಿಲ್ಲ. ಉಪಗ್ರಹ ಬೆಂಕಿ ಹತ್ತಿದ ಮೇಲೆ ಹೇಳುತ್ತೆ. ಹತ್ತೋಕೆ ಮುಂಚೆ ಕಾಡಿನ ನೆಲ ಎಷ್ಟು ಒಣಗಿದೆ ಅಂತ ಗೊತ್ತಿರೋರು ಅದೇ ಪೋಡುಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಇದ್ದಾರೆ. ಬೆಂಕಿ ಕಾಯೋಕೆ ಬೇಸಿಗೆಯಲ್ಲಿ ದಿನಗೂಲಿಗೆ ಬರೋ ವಾಚರ್‌ಗಳಲ್ಲೂ ಬಹಳಷ್ಟು ಜನ ಅವರೇ. ಅವರಿಂದ ಬೆಂಕಿ ಆರಿಸೋ ಕೆಲಸ ಮಾಡಿಸಿಕೊಳ್ತೀವಿ, ಅವರನ್ನ ಕೇಳೋದಿಲ್ಲ.

ಇದು ಬರೀ ಹುಲ್ಲು, ಮರದ ವಿಷಯ ಅಲ್ಲ. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋದ ಯುವ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತರು. ಅವರ ಜೊತೆಗಿದ್ದವರಿಗೂ ಗಾಯಗಳಾದವು. ಹೆಚ್ಚಿನ ಕಡೆ ಇವತ್ತಿಗೂ ಈ ಜನ ಬೆಂಕಿ ಎದುರು ನಿಲ್ಲೋದು ಹಸಿ ಸೊಪ್ಪಿನ ಕೊಂಬೆ ಹಿಡಿದೇ. ಸಣ್ಣ ಬೆಂಕಿಯನ್ನ ಸೊಪ್ಪಲ್ಲಿ ಬಡಿದು ಆರಿಸಬಹುದು. ಒಣ ಗಾಳಿಯ ಮಧ್ಯಾಹ್ನ ಗುಡ್ಡ ಹತ್ತೋ ಬೆಂಕಿಯನ್ನ ಆರಿಸೋಕೆ ಆಗಲ್ಲ. ಯಾವ ಬೆಂಕಿ ಎದುರು ಅವರನ್ನ ನಿಲ್ಲಿಸ್ತೀವಿ ಅನ್ನೋದು ಜನವರಿಯಲ್ಲೇ ತೀರ್ಮಾನ ಆಗಿರುತ್ತೆ: ಬೆಂಕಿ ರೇಖೆ ಸಮಯಕ್ಕೆ ಮುಗಿಯಿತಾ, ವಾಚರ್‌ಗಳು ಸಮಯಕ್ಕೆ ಬಂದ್ರಾ, ಹಿಂಗಾರು ಕೈಕೊಟ್ಟ ವರ್ಷ ಅಂತ ಯಾರಾದ್ರೂ ಗಮನಿಸಿದ್ರಾ ಅನ್ನೋದರಲ್ಲಿ.

ಮುಂದಿನ ಸಲ ಕಾಡ್ಗಿಚ್ಚಿನ ವಿಡಿಯೊ ನಿಮ್ಮ ಫೋನಿಗೆ ಬಂದಾಗ "ಯಾರು" ಅಂತ ಕೇಳಿ, ತಪ್ಪಿಲ್ಲ. ಜೊತೆಗೆ ಆ ವರ್ಷ ಅಕ್ಟೋಬರ್‌ನಲ್ಲಿ ಎಷ್ಟು ಮಳೆ ಬಂದಿತ್ತು ಅಂತಲೂ ಒಮ್ಮೆ ಹುಡುಕಿ ನೋಡಿ.