ವಾದ್ಯವೃಂದದ ಬಾಗಿಲು ಮಕ್ಕಳಿಗೆ ತೆರೆದ ಕಥೆ

‘ಆರ್ಕೆಸ್ಟ್ರಾ’ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಗಣೇಶೋತ್ಸವದ ಪೆಂಡಾಲಿನಲ್ಲಿ ಸಿನಿಮಾ ಹಾಡು ನುಡಿಸುವ ತಂಡ. ಎಂಬತ್ತು ತೊಂಬತ್ತು ಮಂದಿ ವಾದಕರು ಸಾಲುಸಾಲಾಗಿ ಕುಳಿತು, ಒಬ್ಬ ನಿರ್ದೇಶಕನ ಕೈಸನ್ನೆಗೆ ನುಡಿಸುವ ಪಾಶ್ಚಾತ್ಯ ವಾದ್ಯವೃಂದವೆಂದರೆ ‘ಅದು ನಮ್ಮಂಥವರಿಗಲ್ಲ’ ಎಂದು ಪಕ್ಕಕ್ಕೆ ಸರಿಯುತ್ತೇವೆ. ಊರು ಬಿಟ್ಟು ಮಹಾನಗರಕ್ಕೆ ಬಂದ ನಾವು ರಜೆಯ ದಿನ ಮಕ್ಕಳನ್ನು ಮೃಗಾಲಯಕ್ಕೆ, ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇವೆ. ಸಂಗೀತ ಸಭಾಂಗಣದ ಮೆಟ್ಟಿಲು ಮಾತ್ರ ಹತ್ತುವುದಿಲ್ಲ. ಈ ಹಿಂಜರಿಕೆ ನಮ್ಮದೊಂದೇ ಅಲ್ಲ. ಆ ಸಂಗೀತ ಹುಟ್ಟಿ ಬೆಳೆದ ದೇಶಗಳಲ್ಲಿಯೂ ಸಾಮಾನ್ಯ ಸಂಸಾರಗಳಿಗೆ ಇದು ಇತ್ತು. ಅದನ್ನು ಹೋಗಲಾಡಿಸಲು ಕೆಲವರು ಪಟ್ಟ ಪಾಡು ಒಂದು ಸ್ವಾರಸ್ಯಕರ ಚರಿತ್ರೆ.

ಜರ್ಮನಿಯ ಮಾನ್‌ಹೈಮ್ ನಗರದಲ್ಲಿ 1879ರಲ್ಲಿ ಹುಟ್ಟಿದ ರಾಬರ್ಟ್ ಮೇಯರ್ 1896ರಲ್ಲಿ ಲಂಡನ್ನಿಗೆ ಬಂದು ನೆಲೆಸಿದರು. ಅವರೂ ನಮ್ಮ ಹಾಗೆ ವಲಸೆ ಬಂದವರೇ. ವೃತ್ತಿಯಿಂದ ವ್ಯಾಪಾರಿ, ಪತ್ನಿ ಡೊರೊಥಿ ಮೌಲ್ಟನ್ ಗಾಯಕಿ. ನ್ಯೂಯಾರ್ಕಿನಲ್ಲಿ ವಾಲ್ಟರ್ ಡ್ಯಾಮ್‌ರಾಷ್ ಮಕ್ಕಳಿಗಾಗಿ ನಡೆಸುತ್ತಿದ್ದ ಕಛೇರಿಗಳನ್ನು ಕಂಡು ಬಂದ ದಂಪತಿಗಳು 1923ರಲ್ಲಿ ತಮ್ಮ ಸ್ವಂತ ಹಣದಿಂದ ಲಂಡನ್ನಿನಲ್ಲಿ ಮಕ್ಕಳ ಕಛೇರಿಗಳನ್ನು ಆರಂಭಿಸಿದರು. ಮೊದಮೊದಲು ಏಡ್ರಿಯನ್ ಬೋಲ್ಟ್, ಮರುವರ್ಷದಿಂದ ಮಾಲ್ಕಮ್ ಸಾರ್ಜೆಂಟ್ ವಾದ್ಯವೃಂದ ನಡೆಸಿದರು. ನುಡಿಸುವುದಷ್ಟೇ ಅಲ್ಲ, ನುಡಿಸುವುದೇನೆಂದು ಮಕ್ಕಳಿಗೆ ಹೇಳುವುದೂ ನಿರ್ದೇಶಕನ ಕೆಲಸವಾಯಿತು. ಮೇಯರ್ 105 ವರ್ಷ ಬದುಕಿ 1985ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಆ ಕಛೇರಿಗಳಲ್ಲಿ ಕುಳಿತಿದ್ದ ಮಕ್ಕಳು ಅಜ್ಜ ಅಜ್ಜಿಯರಾಗಿದ್ದರು.

ಮಾಸ್ಕೋದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ನತಾಲಿಯಾ ಸಾಟ್ಸ್. ಅಲ್ಲಿನ ಕೇಂದ್ರೀಯ ಮಕ್ಕಳ ರಂಗಮಂದಿರದ ನಿರ್ದೇಶಕಿಯಾಗಿದ್ದ ಅವರು, ಮಕ್ಕಳಿಗೆ ವಾದ್ಯಗಳ ಪರಿಚಯ ಮಾಡಿಸುವ ಒಂದು ಕೃತಿ ಬೇಕೆಂದು ಸೆರ್ಗೈ ಪ್ರೊಕೋಫಿಯೆವ್ ಅವರನ್ನು ಕೇಳಿದರು. ಹೀಗೆ ಹುಟ್ಟಿದ್ದು ‘ಪೀಟರ್ ಮತ್ತು ತೋಳ’. ಮೊದಲ ಪ್ರಯೋಗ 1936ರ ಮೇ 2ರಂದು. ಒಬ್ಬರು ಕಥೆ ಹೇಳುತ್ತಾರೆ, ಪಾತ್ರಕ್ಕೊಂದು ವಾದ್ಯ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೊ, ಬೆಕ್ಕಿಗೆ ಕ್ಲಾರಿನೆಟ್, ಗೊಣಗುವ ತಾತನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನುಗಳು, ಹುಡುಗ ಪೀಟರನಿಗೆ ಪಿಟೀಲು ಮೊದಲಾದ ತಂತಿವಾದ್ಯಗಳು. ಓಬೊ ಜೋಡಿ ಪೀಪಿಯ ವಾದ್ಯ, ನಮ್ಮ ಓಲಗದ ದೂರದ ನಂಟ. ಅರ್ಧ ಗಂಟೆಯೊಳಗೆ ಮಗು ಏಳೆಂಟು ದನಿಗಳನ್ನು ಗುರುತಿಸಲು ಕಲಿತುಬಿಡುತ್ತದೆ.

ಇಂಥ ಕೃತಿಗೆ ಕಾರಣರಾದ ಸಾಟ್ಸ್ ಅವರ ಗತಿಯೇನಾಯಿತು? ಮರುವರ್ಷ, 1937ರಲ್ಲಿ, ಅವರ ಪತಿಯನ್ನು ‘ಜನದ್ರೋಹಿ’ ಎಂದು ಸ್ಟಾಲಿನ್ ಸರ್ಕಾರ ಹಿಡಿಯಿತು. ಅವನ ಹೆಂಡತಿಯೆಂಬ ಒಂದೇ ಕಾರಣಕ್ಕೆ ಇವರೂ ಐದು ವರ್ಷ ಸೆರೆಯ ಪಾಲಾದರು. ಬಿಡುಗಡೆಯ ಬಳಿಕ ದೂರದ ಅಲ್ಮಾ ಅಟಾದಲ್ಲಿ ಮಕ್ಕಳ ರಂಗಮಂದಿರ ಕಟ್ಟಿದರು. 1965ರಲ್ಲಿ ಮಾಸ್ಕೋದಲ್ಲಿ ಮಕ್ಕಳ ಸಂಗೀತ ರಂಗಮಂದಿರವನ್ನೇ ತೆರೆದರು. ಕಷ್ಟವೆಂದು ಕೆಲಸ ಕೈಬಿಡುವ ನಮ್ಮಂಥವರು ಈ ತಾಯಿಯನ್ನು ನೆನೆಯಬೇಕು.

ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್ ಹಿಡಿದ ದಾರಿ ಬೇರೆ. ಶಾಲಾ ಮಕ್ಕಳಿಗಾಗಿ ಸರ್ಕಾರ ತಯಾರಿಸಿದ ಒಂದು ಚಲನಚಿತ್ರಕ್ಕೆ ಅವರು ಸಂಗೀತ ರಚಿಸಿದರು. 1946ರಲ್ಲಿ ಮೊದಲು ಕೇಳಿಬಂದ ಆ ಕೃತಿ ‘ಯಂಗ್ ಪರ್ಸನ್ಸ್ ಗೈಡ್ ಟು ದಿ ಆರ್ಕೆಸ್ಟ್ರಾ’ ಎಂದು ಪ್ರಸಿದ್ಧವಾಯಿತು. ಹದಿನೇಳನೆಯ ಶತಮಾನದ ಪರ್ಸೆಲ್‌ನ ಒಂದು ಧಾಟಿಯನ್ನು ಮೊದಲು ಇಡೀ ವೃಂದ ನುಡಿಸುತ್ತದೆ. ಆಮೇಲೆ ಮರದ ಊದುವಾದ್ಯಗಳು, ತಂತಿವಾದ್ಯಗಳು, ಹಿತ್ತಾಳೆಯ ವಾದ್ಯಗಳು, ತಾಳವಾದ್ಯಗಳು ಸರದಿಯ ಮೇಲೆ ತಮ್ಮ ತಮ್ಮ ಮುಖ ತೋರಿಸುತ್ತವೆ. ಕೊನೆಗೆ ಎಲ್ಲವೂ ಒಂದರ ಹಿಂದೊಂದು ಬಂದು ಕೂಡಿಕೊಳ್ಳುತ್ತವೆ. ಯಂತ್ರವನ್ನು ಬಿಚ್ಚಿ ತೋರಿಸಿ ಮತ್ತೆ ಜೋಡಿಸಿದ ಹಾಗೆ!

ನ್ಯೂಯಾರ್ಕಿನ ಲಿಯೊನಾರ್ಡ್ ಬರ್ನ್‌ಸ್ಟೈನ್ 1958ರಿಂದ 1972ರವರೆಗೆ ಮಕ್ಕಳಿಗಾಗಿ 53 ಕಛೇರಿ ನಡೆಸಿದರು. ಸಭಾಂಗಣ ತುಂಬಿದ ಮಕ್ಕಳ ಜೊತೆಗೆ ಟೆಲಿವಿಷನ್ ಮೂಲಕ ಮನೆಮನೆಗಳೂ ಅದನ್ನು ಕಂಡವು. ಮೊದಲ ದಿನವೇ ಅವರು ಎತ್ತಿಕೊಂಡ ಪ್ರಶ್ನೆ ‘ಸಂಗೀತಕ್ಕೆ ಅರ್ಥವೇನು?’ ಎಂಬುದು. ಸಂಗೀತದ ಅರ್ಥ ಕಥೆಯಲ್ಲಿಲ್ಲ, ಸ್ವರಗಳಲ್ಲಿಯೇ ಇದೆ ಎಂದು ಅವರು ನುಡಿಸಿ ತೋರಿಸಿದರು. ಪ್ರೊಕೋಫಿಯೆವ್ ಕಥೆಯಿಂದ ಕರೆದರೆ, ಇವರು ಕಥೆ ಬಿಟ್ಟು ಬನ್ನಿ ಎಂದರು. ಎರಡೂ ಸರಿಯೇ. ಕಥೆ ಮೊದಲ ಮೆಟ್ಟಿಲು; ಬೆಳೆದ ಮಗು ಅದನ್ನು ದಾಟಿ ಹೋಗುತ್ತದೆ.

ರೇಡಿಯೊ, ಮೊಬೈಲು ಇರುವಾಗ ಸಭಾಂಗಣಕ್ಕೇಕೆ ಹೋಗಬೇಕು ಎಂದು ಕೆಲವರು ಕೇಳಬಹುದು. ವಿಜ್ಞಾನ ಓದಿದ ನಮಗೆ ಇದರ ಉತ್ತರ ಸುಲಭ. ಧ್ವನಿವರ್ಧಕದಲ್ಲಿ ಎಲ್ಲ ವಾದ್ಯಗಳ ಪರವಾಗಿ ಒಂದೋ ಎರಡೋ ತೆಳು ಪೊರೆಗಳು ಕಂಪಿಸುತ್ತವೆ. ಸಭಾಂಗಣದಲ್ಲಿಯಾದರೆ ಎಂಬತ್ತು ವಾದ್ಯಗಳು ಎಂಬತ್ತು ಜಾಗಗಳಿಂದ ಗಾಳಿಯನ್ನು ಕಂಪಿಸುತ್ತವೆ. ಆ ಅಲೆಗಳು ಗೋಡೆ, ಚಾವಣಿಗಳಿಗೆ ತಾಗಿ ಮರಳಿ ಬರುತ್ತವೆ. ದೊಡ್ಡ ನಗಾರಿಯ ಪೆಟ್ಟು ಎದೆಗೇ ತಾಕುತ್ತದೆ. ಯಾವ ಕೈ ಅಲುಗಿದಾಗ ಯಾವ ನಾದ ಹೊರಟಿತೆಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಈ ಸಂಗೀತ ಕನ್ನಡಿಗರಿಗೆ ಪರಕೀಯವೆನ್ನುವವರು ಮೈಸೂರನ್ನು ಮರೆತವರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ಪಶ್ಚಿಮದಿಂದ ಬಂದ ಪಿಟೀಲಿಗೆ ಏಳು ತಂತಿ ಕಟ್ಟಿ ನುಡಿಸಿದ ಚೌಡಯ್ಯನವರು ಮೈಸೂರಿನ ಆಸ್ಥಾನ ವಿದ್ವಾಂಸರು. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ಜಯಚಾಮರಾಜ ಒಡೆಯರು ಪಿಯಾನೊದಲ್ಲಿಯೂ ಪರಿಶ್ರಮವುಳ್ಳವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಅವರ ನೆರವಿನಿಂದ.

ಮುಂಬಯಿಯಲ್ಲಿ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಮರುವರ್ಷ ಹುಟ್ಟಿದ ಅವರ ಮಗ ಜುಬಿನ್ ತಂದೆಯ ಸಂಗೀತ ಕೇಳುತ್ತಲೇ ಬೆಳೆದು, 1978ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾದರು. ಅದು ಬರ್ನ್‌ಸ್ಟೈನ್ ನಡೆಸಿದ ವೃಂದವೇ! ನಾರಿಮನ್ ಪಾಯಿಂಟಿನ ಎನ್.ಸಿ.ಪಿ.ಎ.ಯಲ್ಲಿ 2006ರಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಸ್ಥಾಪನೆಯಾಯಿತು.

ಬಾಗಿಲು ತೆರೆದವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಒಳಗೆ ಕಾಲಿಡುವುದು ನಮ್ಮ ಪಾಲಿನದು. ದುಬಾರಿ ಟಿಕೆಟ್ಟೇ ಬೇಕೆಂದಿಲ್ಲ. ಹಿಂದಿನ ಸಾಲಿಗೂ ನಾದ ತಲುಪುತ್ತದೆ. ಹೋಗುವ ಮೊದಲು ಆ ದಿನದ ಕೃತಿಯನ್ನು ಮನೆಯಲ್ಲಿ ಒಂದೆರಡು ಬಾರಿ ಕೇಳಿಸಿ, ಒಂದು ಧಾಟಿಯನ್ನು ಗುನುಗಲು ಕಲಿಸಿದರೆ ಮಕ್ಕಳು ಅದಕ್ಕಾಗಿ ಕಾಯುತ್ತಾ ಕೂರುತ್ತಾರೆ. ತೀರ ಚಿಕ್ಕವರು ಬೇಸರಪಟ್ಟರೆ ವಿರಾಮದಲ್ಲಿ ಎದ್ದು ಬಂದರೂ ನಷ್ಟವಿಲ್ಲ. ತ್ಯಾಗರಾಜರ ಕೀರ್ತನೆ ಕೇಳಿ ಬೆಳೆದ ಕಿವಿಗೆ ಇನ್ನೊಂದು ಸಂಗೀತ ಬಿದ್ದರೆ ಮೊದಲನೆಯದು ಕೆಡುವುದಿಲ್ಲವೆಂಬುದಕ್ಕೆ ನಮ್ಮ ಮಹಾರಾಜರೇ ಸಾಕ್ಷಿ. ಮಕ್ಕಳಿಗೆ ಆಸ್ತಿ ಮಾಡಿಡಲು ನಮ್ಮ ಸಂಬಳ ಸಾಲದೇ ಇರಬಹುದು. ಕಿವಿಯನ್ನು ತಿದ್ದಿಕೊಡಲು ಸಾಕು.