ಗಾಡಿ ನಿಲ್ಲಿಸಲು ಜಾಗ: ಮಹಾನಗರದ ತಂತ್ರಜ್ಞಾನ, ಬಯಲುಸೀಮೆಯ ಅಗತ್ಯ

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ, ಈರುಳ್ಳಿ ಹೊತ್ತ ಲಾರಿ, ಟ್ರ್ಯಾಕ್ಟರ್‌ಗಳು ಇಲ್ಲಿನ ಮಾರುಕಟ್ಟೆಗೆ ಬರುತ್ತವೆ. ಪಕ್ಕದ ಮೊಳಕಾಲ್ಮೂರಿಗೆ ರೇಷ್ಮೆ ಸೀರೆ ಕೊಳ್ಳಲು ದೂರದಿಂದ ಕಾರಿನಲ್ಲಿ ಬರುವವರಿದ್ದಾರೆ. ಇನ್ನು ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ, ಮಳೆಗಾಲದಲ್ಲಿ ಗೌರಸಮುದ್ರ ಮಾರಮ್ಮನ ಜಾತ್ರೆ ಬಂದರೆ ಇಡೀ ಸೀಮೆಯ ಜನ, ಆಂಧ್ರದ ಗಡಿಯಾಚೆಯ ಭಕ್ತರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಬಂದವರೆಲ್ಲ ಮೊದಲು ಹುಡುಕುವುದು ಗಾಡಿ ನಿಲ್ಲಿಸುವ ಜಾಗವನ್ನು. ಈ ಹುಡುಕಾಟ ತಪ್ಪಿಸಲು ತಂತ್ರಜ್ಞಾನ ಏನೇನು ಮಾಡಿದೆ, ಅದರಲ್ಲಿ ನಮ್ಮ ಊರುಗಳಿಗೆ ಯಾವುದು ಒಗ್ಗುತ್ತದೆ ಎಂದು ನೋಡುವ ಹೊತ್ತು ಬಂದಿದೆ.

ಪಾರ್ಕಿಂಗ್ ತಂತ್ರಜ್ಞಾನದ ಕತೆ ಶುರುವಾಗುವುದು ಅಮೆರಿಕದ ಒಕ್ಲಹಾಮ ಸಿಟಿಯಲ್ಲಿ. ಅಲ್ಲಿನ ಪತ್ರಿಕಾ ಸಂಪಾದಕ ಕಾರ್ಲ್ ಮೆಗೀ ಮುಂದೆ ನಿಂತು ಮಾಡಿಸಿದ ಮೊದಲ ಪಾರ್ಕಿಂಗ್ ಮೀಟರ್ 1935ರ ಜುಲೈನಲ್ಲಿ ರಸ್ತೆ ಬದಿಗೆ ಬಂತು. ಅಂಗಡಿ ಮುಂದಿನ ಜಾಗವನ್ನು ಕೆಲವರೇ ಇಡೀ ದಿನ ಹಿಡಿದಿಟ್ಟುಕೊಳ್ಳುತ್ತಿದ್ದರು, ಗಿರಾಕಿಗಳಿಗೆ ಜಾಗವಿರುತ್ತಿರಲಿಲ್ಲ. ನಾಣ್ಯ ಹಾಕಿದಷ್ಟು ಹೊತ್ತು ಮಾತ್ರ ಜಾಗ ಎಂಬ ನಿಯಮ ಅದನ್ನು ಬಿಡಿಸಿತು. ಮೀಟರಿನ ಒಳಗಿದ್ದದ್ದು ಗಡಿಯಾರವಷ್ಟೇ. ಅದಕ್ಕೆ ಹೊತ್ತು ಗೊತ್ತಿತ್ತು, ಎದುರಿಗೆ ಗಾಡಿ ನಿಂತಿದೆಯೋ ಇಲ್ಲವೋ ಗೊತ್ತಿರಲಿಲ್ಲ.

ಆ ಕೊರತೆಯನ್ನು ನೀಗಿಸಿದ್ದು ಸಂವೇದಕಗಳು, ಅಂದರೆ ಸೆನ್ಸರ್‌ಗಳು. ಪ್ರವೇಶದ್ವಾರದ ನೆಲದೊಳಗೆ ತಂತಿಯ ಸುರುಳಿ ಹೂತು ವಿದ್ಯುತ್ ಹರಿಸಿದರೆ, ಮೇಲೆ ಲೋಹದ ಗಾಡಿ ಬಂದೊಡನೆ ಸುರುಳಿಯ ವಿದ್ಯುತ್ ಗುಣ ಬದಲಾಗುತ್ತದೆ. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಯಂತ್ರವೇ ಲೆಕ್ಕ ಇಡುತ್ತದೆ. ದೊಡ್ಡ ಮಾಲ್‌ಗಳ ನೆಲಮಾಳಿಗೆಯಲ್ಲಿ ಪ್ರತಿ ಜಾಗದ ಮೇಲೆ ಕೆಂಪು, ಹಸಿರು ದೀಪ ಇರುವುದನ್ನು ನೋಡಿರುತ್ತೀರಿ. ಅಲ್ಲಿ ಕೆಲಸ ಮಾಡುವುದು ಕಿವಿಗೆ ಕೇಳಿಸದ ಶಬ್ದತರಂಗ. ಅದು ನೆಲಕ್ಕೆ ಬಡಿದು ವಾಪಸಾಗಲು ಹಿಡಿದ ಹೊತ್ತಿನಿಂದ ಕೆಳಗೆ ಕಾರಿದೆಯೋ ಬರೀ ನೆಲವಿದೆಯೋ ತಿಳಿಯುತ್ತದೆ.

ಜಾಗದ ಲೆಕ್ಕ ಸಿಕ್ಕ ಮೇಲೆ ಬೆಲೆಯ ಪ್ರಶ್ನೆ ಎದ್ದಿತು. ರಸ್ತೆ ಬದಿಯ ಪುಕ್ಕಟೆ ಪಾರ್ಕಿಂಗಿಗೆ ಊರು ತೆರುವ ಬೆಲೆ ದೊಡ್ಡದು ಎಂದು ನಗರ ಯೋಜನೆಯ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಪ್ರತಿ ಬೀದಿಯಲ್ಲಿ ಒಂದೆರಡು ಜಾಗ ಸದಾ ಖಾಲಿ ಉಳಿಯುವಂತೆ ಶುಲ್ಕ ಇರಬೇಕು ಎಂಬುದು ಅವರ ಸೂತ್ರ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಸೆನ್ಸರ್‌ಗಳ ನೆರವಿನಿಂದ, ಬೇಡಿಕೆ ನೋಡಿ ದರ ಏರಿಳಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಕರ್ನಾಟಕದಲ್ಲಿ ಈ ದಾರಿಯಲ್ಲಿ ಮುಂದೆ ನಡೆದದ್ದು ಬೆಂಗಳೂರು. 2020ರಲ್ಲಿ ಕನ್ನಿಂಗ್‌ಹ್ಯಾಂ ರಸ್ತೆಯಿಂದ ಆರಂಭಿಸಿ ನಗರದ ನಡುಭಾಗದ ರಸ್ತೆಗಳಲ್ಲಿ ಸ್ಮಾರ್ಟ್ ಪಾರ್ಕಿಂಗ್ ಬಂತು. ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ಪಾರ್ಕಿಂಗ್ ನೀತಿ 2.0ಕ್ಕೆ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಸ್ವಾತಂತ್ರ್ಯ ಉದ್ಯಾನದ ಬಳಿ ನೆಲದಡಿಯ ಮೂರು ಹಂತಗಳಲ್ಲಿ 556 ಕಾರು, 445 ದ್ವಿಚಕ್ರ ವಾಹನ ಹಿಡಿಯುವ ಪಾರ್ಕಿಂಗ್ ಕಟ್ಟಡ 2024ರ ಜೂನ್‌ನಲ್ಲಿ ತೆರೆಯಿತು.

ಈ ನಡುವೆ ದೇಶದ ಕಾರುಗಳ ಗಾಜಿನ ಮೇಲೆ ಫಾಸ್ಟ್ಯಾಗ್ ಅಂಟಿಕೊಂಡಿತು. 2021ರ ಫೆಬ್ರುವರಿಯಿಂದ ಹೆದ್ದಾರಿ ಟೋಲ್‌ಗೆ ಅದು ಕಡ್ಡಾಯವಾಯಿತು. ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ಗೇಟಿನ ಆಂಟೆನಾ ಕಳಿಸುವ ರೇಡಿಯೊ ತರಂಗದಿಂದಲೇ ಶಕ್ತಿ ಪಡೆದು ತನ್ನ ಗುರುತಿನ ಸಂಖ್ಯೆ ಹೇಳುತ್ತದೆ, ಹಣ ಖಾತೆಯಿಂದ ಕಡಿತವಾಗುತ್ತದೆ. ವಿಮಾನ ನಿಲ್ದಾಣಗಳ ಪಾರ್ಕಿಂಗ್‌ಗೂ ಅದು ಬಂದಿದೆ. 2025ರ ಪ್ರಯಾಗರಾಜದ ಮಹಾಕುಂಭ ಮೇಳದಲ್ಲಿ ಫಾಸ್ಟ್ಯಾಗ್ ಪಾರ್ಕಿಂಗ್ ಬಳಸಿದ್ದು ಜಾತ್ರೆಗಳ ನಾಡಾದ ನಮಗೆ ಮುಖ್ಯ ಸುದ್ದಿ. ಕಟ್ಟಡವೇ ಇಲ್ಲದ ಬಯಲಿನಲ್ಲೂ ಲೆಕ್ಕಬದ್ಧ ಪಾರ್ಕಿಂಗ್ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ವ್ಯವಸ್ಥೆಗಳಲ್ಲಿ ಹೆಚ್ಚಿನವು ಕಾರನ್ನು ಮುಂದಿಟ್ಟುಕೊಂಡು ಹುಟ್ಟಿದವು. ನಾಯಕನಹಟ್ಟಿಗೆ ಬರುವುದು ಬೈಕು, ಆಟೊ, ಟ್ರ್ಯಾಕ್ಟರ್, ಟೆಂಪೊ, ಎತ್ತಿನ ಗಾಡಿ. ಬೈಕಿಗೆ ಫಾಸ್ಟ್ಯಾಗ್ ಇಲ್ಲ. ಎತ್ತಿನ ಗಾಡಿಗೆ ನಂಬರ್ ಪ್ಲೇಟೇ ಇಲ್ಲ. ಸೆನ್ಸರ್ ಹೂಳಲು ಕಾಂಕ್ರೀಟ್ ನೆಲವೂ ಇಲ್ಲ, ಇರುವುದು ಕೊಯ್ಲು ಮುಗಿದ ಹೊಲ. ಹಾಗೆಂದು ತಂತ್ರಜ್ಞಾನ ನಮಗಲ್ಲ ಎಂದು ಕೈಬಿಡಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲೇ 2023ರ ಏಪ್ರಿಲ್ 2ರಂದು ಇಸ್ರೊದ ಮರುಬಳಕೆ ಉಡ್ಡಯನ ವಾಹನ, ಹೆಲಿಕಾಪ್ಟರ್‌ನಿಂದ ಬಿಡುಗಡೆಯಾಗಿ, ತನ್ನ ನೆಲೆಯನ್ನು ತಾನೇ ಲೆಕ್ಕ ಹಾಕಿಕೊಂಡು ರನ್‌ವೇ ಮೇಲೆ ಇಳಿಯಿತು. ಅಂಥ ವಿದ್ಯೆ ನೆಲೆಸಿದ ತಾಲ್ಲೂಕಿಗೆ ಜಾತ್ರೆಯ ಗಾಡಿ ಎಣಿಸುವುದು ದೊಡ್ಡ ಕೆಲಸವಲ್ಲ.

ಇಲ್ಲಿಗೆ ಬೇಕಾದದ್ದು ಮೂರು. ಮೊದಲನೆಯದು ಎಣಿಕೆ. ಪ್ರತಿ ಪಾರ್ಕಿಂಗ್ ಹೊಲದ ಬಾಯಲ್ಲಿ ನಿಂತ ಸಿಬ್ಬಂದಿಯ ಕೈಲಿ ಬಸ್ ಕಂಡಕ್ಟರ್‌ಗಳ ಬಳಿ ಇರುವಂಥ ಟಿಕೆಟ್ ಯಂತ್ರ ಕೊಟ್ಟರೆ, ಬೈಕಾಗಲಿ ಟ್ರ್ಯಾಕ್ಟರ್ ಆಗಲಿ ಒಂದು ಗುಂಡಿ ಒತ್ತಿ ಲೆಕ್ಕ ಹಿಡಿಯಬಹುದು. ಎರಡನೆಯದು ಮಾಹಿತಿ. ಚಳ್ಳಕೆರೆ ಕಡೆಯ ಹೊಲ ತುಂಬಿದೆ, ತಳಕು ಕಡೆಯದು ಖಾಲಿ ಇದೆ ಎಂಬ ಸುದ್ದಿ ಊರು ಮುಟ್ಟುವ ಮುಂಚೆಯೇ, ದೊಡ್ಡ ಕನ್ನಡ ಅಕ್ಷರದಲ್ಲಿ, ದಾರಿಯ ಫಲಕದ ಮೇಲೆ ಸಿಗಬೇಕು. ಗಾಡಿ ಊರೊಳಗೆ ನುಗ್ಗಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ಮೂರನೆಯದು ಪಾರದರ್ಶಕ ಶುಲ್ಕ. ದರಪಟ್ಟಿ ಕಣ್ಣಿಗೆ ಬೀಳುವಂತಿರಲಿ, ಯುಪಿಐ ಕ್ಯೂಆರ್ ಸಂಕೇತ ಪಕ್ಕದಲ್ಲಿರಲಿ, ಮೊಬೈಲ್ ಇಲ್ಲದವರಿಗೆ ನಗದು ಪಡೆದು ಮುದ್ರಿತ ರಸೀದಿ ಸಿಗಲಿ. ಕೊಟ್ಟ ಹತ್ತು ರೂಪಾಯಿ ಎಲ್ಲಿಗೆ ಹೋಯಿತೆಂದು ಗೊತ್ತಾದರೆ ಜನ ತಕರಾರು ಮಾಡುವುದಿಲ್ಲ.

ಜಾತ್ರೆಯಲ್ಲಿ ಪಳಗಿದ ಈ ಪದ್ಧತಿ ವರ್ಷವಿಡೀ ಪೇಟೆಗೂ ನಡೆಯುತ್ತದೆ. ಮೋಟಾರು ವಾಹನ ಕಾಯ್ದೆ 1988ರ 117ನೇ ಕಲಂ ಪ್ರಕಾರ, ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ನಿಲುಗಡೆ ಜಾಗಗಳನ್ನು ಗೊತ್ತುಪಡಿಸಲು ಅವಕಾಶವಿದೆ. ಚಳ್ಳಕೆರೆ ನಗರಸಭೆ, ಮೊಳಕಾಲ್ಮೂರು ಪಟ್ಟಣ ಪಂಚಾಯಿತಿಗಳು ಪೊಲೀಸರೊಡನೆ ಕೂತು, ಮಾರುಕಟ್ಟೆಯ ಲಾರಿಗೆ, ಬಸ್ ನಿಲ್ದಾಣದ ಬೈಕಿಗೆ, ಸೀರೆ ಕೊಳ್ಳಲು ಬಂದವರ ಕಾರಿಗೆ ಬೇರೆ ಬೇರೆ ಜಾಗ ಗುರುತಿಸಬೇಕು. ಕೋಟಿಗಟ್ಟಲೆ ಹಣದ ಬಹುಮಹಡಿ ಕಟ್ಟಡಕ್ಕೆ ಆಸೆಪಡುವ ಮೊದಲು ಇರುವ ಜಾಗದ ಲೆಕ್ಕ ಸರಿಯಾಗಿ ಇಡುವುದು ಕಲಿಯೋಣ. ಮುಂದಿನ ನಾಯಕನಹಟ್ಟಿ ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ ಈ ಮೂರು ಅಂಶಗಳು ಚರ್ಚೆಗೆ ಬರಲಿ. ಆ ಸಭೆಗೆ ಹೋಗುವ ಊರಿನ ಹಿರಿಯರು, ಜನಪ್ರತಿನಿಧಿಗಳು ಇವನ್ನು ಕೇಳಿ ಪಡೆಯಲಿ.